ಪೇಟೆಬೀದಿಯ ದೀಪಗಳು

ಒಂದು ಊರಿನ ಯೋಗಕ್ಷೇಮವನ್ನು ತಿಳಿಯಬೇಕೆನ್ನುವವರು ಮುಸ್ಸಂಜೆಯಲ್ಲಿ ಅದರ ಪೇಟೆಬೀದಿಯೊಳಗೆ ಒಮ್ಮೆ ನಡೆದುಬರಬೇಕು. ಅಂಗಡಿಗಳಲ್ಲಿ ದೀಪ ಹತ್ತಿದೆಯೆ, ಬಾಗಿಲ ಬಳಿ ನಾಲ್ಕು ಜನ ನಿಂತು ಮಾತನಾಡುತ್ತಿದ್ದಾರೆಯೆ, ತಕ್ಕಡಿ ಏರಿ ಇಳಿಯುತ್ತಿದೆಯೆ ಎಂಬುದನ್ನು ಕಂಡರೆ ಸಾಕು, ಆ ಊರಿನ ನಾಡಿ ಕೈಗೆ ಸಿಕ್ಕಂತೆಯೇ ಸರಿ. ಬೀಗ ಬಿದ್ದ ಬಾಗಿಲುಗಳೇ ಸಾಲಾಗಿ ಕಂಡರೆ ಊರಿಗೆ ಏನೋ ಬೇನೆ ತಗುಲಿದೆಯೆಂದು ತಿಳಿಯಬೇಕು. ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಇಂಥ ಬೇನೆ ಅನೇಕ ದೇಶಗಳ ಪಟ್ಟಣಗಳಿಗೆ ತಗುಲಿದೆ. ಅದರ ಲಕ್ಷಣಗಳು ಬಹು ಸ್ಪಷ್ಟವಾಗಿ ಕಂಡುಬಂದ ನಾಡುಗಳಲ್ಲಿ ಇಂಗ್ಲೆಂಡ್ ಒಂದು. ಅಲ್ಲಿನ ಚಿಕ್ಕ ಅಂಗಡಿಗಳು ಪಟ್ಟ ಪಾಡು, ಕೆಲವು ಊರುಗಳು ಕಂಡುಕೊಂಡ ದಾರಿ, ಇವೆರಡೂ ನಾವು ಅರಿಯತಕ್ಕ ವಿಷಯಗಳೇ ಆಗಿವೆ.

ಇಂಗ್ಲೆಂಡಿನ ಎಷ್ಟೋ ಪಟ್ಟಣಗಳು ಹುಟ್ಟಿದ್ದೇ ಸಂತೆಯಿಂದ. ಮಧ್ಯಯುಗದಲ್ಲಿ ಸಂತೆ ನಡೆಸುವ ಹಕ್ಕನ್ನು ಅರಸನು ಸನ್ನದಿನ ಮೂಲಕ ಊರಿಗೆ ದಯಪಾಲಿಸುತ್ತಿದ್ದನು. ವಾರಕ್ಕೊಮ್ಮೆ ಸುತ್ತಣ ಹಳ್ಳಿಗಳ ರೈತರು ಬೆಣ್ಣೆ, ಉಣ್ಣೆ, ಧಾನ್ಯಗಳನ್ನು ತಂದು ಮಾರಿ, ಬಟ್ಟೆ, ಉಪ್ಪು, ಕಬ್ಬಿಣದ ಸಾಮಾನುಗಳನ್ನು ಕೊಂಡು ಹಿಂದಿರುಗುತ್ತಿದ್ದರು. ಕಾಲಕ್ರಮದಲ್ಲಿ ಸಂತೆಯ ಮಾಳದ ಸುತ್ತ ಕಾಯಂ ಅಂಗಡಿಗಳೆದ್ದವು. ಹೀಗೆ ಬೆಳೆದ ಮುಖ್ಯ ಬೀದಿಗೆ ಬಹುಮಟ್ಟಿಗೆ ಎಲ್ಲ ಊರುಗಳಲ್ಲಿಯೂ ‘ಹೈ ಸ್ಟ್ರೀಟ್’ ಎಂದೇ ಹೆಸರು. ಅಲ್ಲಿ ರೊಟ್ಟಿ ಸುಡುವವನು, ಮಾಂಸ ಮಾರುವವನು, ಜೋಡು ಹೊಲಿಯುವವನು, ಔಷಧದ ವ್ಯಾಪಾರಿ, ಪುಸ್ತಕದ ವ್ಯಾಪಾರಿ ಎಲ್ಲರೂ ಒಬ್ಬರಿಗೊಬ್ಬರು ನೆರೆಯವರಾಗಿ ಬಾಳುತ್ತಿದ್ದರು. ಎಷ್ಟೋ ಅಂಗಡಿಗಳ ಮೇಲುಪ್ಪರಿಗೆಯೇ ಅಂಗಡಿಕಾರನ ಮನೆ. ಕೊಳ್ಳಲು ಬಂದವನ ಹೆಸರು, ಅವನ ಮನೆಯ ಕಷ್ಟಸುಖ, ತಿಂಗಳ ಕೊನೆಯಲ್ಲಿ ಅವನ ಕೈ ಬರಿದಾಗುವ ಸಂಗತಿ, ಇವೆಲ್ಲವೂ ಅಂಗಡಿಕಾರನಿಗೆ ಗೊತ್ತು. ಸಾಮಾನಿನ ಜೊತೆಗೆ ವಿಶ್ವಾಸವೂ ಅಲ್ಲಿ ಕೈ ಬದಲಾಯಿಸುತ್ತಿತ್ತು.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಗಿರಾಕಿ ತಾನೇ ಬುಟ್ಟಿ ಹಿಡಿದು, ಬೇಕಾದುದನ್ನು ಆಯ್ದುಕೊಂಡು, ಬಾಗಿಲಲ್ಲಿ ಹಣ ತೆತ್ತು ಹೋಗುವ ಸ್ವಸಹಾಯ ಪದ್ಧತಿಯ ಮಳಿಗೆಗಳು ಎರಡನೆಯ ಮಹಾಯುದ್ಧದ ಅನಂತರ ಹೆಚ್ಚತೊಡಗಿದವು. ಇಂಥ ಮಳಿಗೆಗೆ ಆಳುಗಳು ಕಡಿಮೆ ಸಾಕು. ಸಾಮಾನನ್ನು ರಾಶಿಗಟ್ಟಲೆ ಕೊಳ್ಳುವುದರಿಂದ ಅದು ಅಗ್ಗಕ್ಕೂ ದೊರೆಯುತ್ತದೆ. ಆದರೂ ಆಗ ಚಿಕ್ಕ ಅಂಗಡಿಗಳಿಗೆ ಒಂದು ರಕ್ಷೆಯಿತ್ತು. ಒಂದು ವಸ್ತುವನ್ನು ಇಂತಿಷ್ಟೇ ಬೆಲೆಗೆ ಮಾರಬೇಕೆಂದು ಅದನ್ನು ತಯಾರಿಸಿದವರು ಗೊತ್ತುಮಾಡಬಹುದಾಗಿತ್ತು. ದೊಡ್ಡ ಮಳಿಗೆಯಲ್ಲಿಯೂ ಮೂಲೆಯಂಗಡಿಯಲ್ಲಿಯೂ ಅದಕ್ಕೆ ಒಂದೇ ಬೆಲೆ. 1964ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ಪುಸ್ತಕವೇ ಮೊದಲಾದ ಕೆಲವನ್ನುಳಿದು ಮಿಕ್ಕ ವಸ್ತುಗಳ ವಿಷಯದಲ್ಲಿ ಈ ಪದ್ಧತಿಯನ್ನು ತೆಗೆದುಹಾಕಿತು. ಕೊಳ್ಳುವವರಿಗೆ ಇದರಿಂದ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲೆಯಿಳಿಸುವ ಸ್ಪರ್ಧೆಯಲ್ಲಿ ಆನೆಯೊಡನೆ ಆಡು ಓಡಬೇಕಾಗಿ ಬಂದಿತು.

ಎರಡನೆಯ ಪೆಟ್ಟು ಮೋಟಾರು ಕಾರಿನಿಂದ ಬಂದಿತು. ಜನ ಕಾಲ್ನಡಿಗೆಯಲ್ಲಿಯೋ ಬಸ್ಸಿನಲ್ಲಿಯೋ ಪೇಟೆಗೆ ಬರುತ್ತಿದ್ದಾಗ ಊರ ನಡುವಿನ ಅಂಗಡಿಯೇ ಎಲ್ಲರಿಗೂ ಹತ್ತಿರ. ಮನೆಗೊಂದು ಕಾರು ಬಂದಮೇಲೆ ಹತ್ತಿರ, ದೂರ ಎಂಬ ಮಾತುಗಳ ಅರ್ಥವೇ ಬೇರೆಯಾಯಿತು. ಕಾರು ನಿಲ್ಲಿಸಲು ಜಾಗವಿಲ್ಲದ ಹಳೆಯ ಪೇಟೆ ದೂರವೆನಿಸಿತು; ಊರ ಹೊರಗೆ ವಿಶಾಲವಾದ ಬಯಲಿನಲ್ಲಿ ಕಟ್ಟಿದ ಮಹಾಮಳಿಗೆಯೇ ಹತ್ತಿರವೆನಿಸಿತು.

ಇದರ ಪರಿಣಾಮವನ್ನು ಕಾಣಬೇಕಾದರೆ ಡಡ್ಲಿ ಎಂಬ ಪಟ್ಟಣದ ಕಥೆಯನ್ನು ಕೇಳಬೇಕು. ಬರ್ಮಿಂಗ್‌ಹ್ಯಾಮ್ ನಗರದ ಪಶ್ಚಿಮಕ್ಕಿರುವ ಈ ಊರು ಕಲ್ಲಿದ್ದಲು, ಕಬ್ಬಿಣಗಳ ನಾಡಿನಲ್ಲಿದೆ. ಕುಲುಮೆಗಳ ಹೊಗೆಯಿಂದಲೂ ಕಲ್ಲಿದ್ದಲಿನಿಂದಲೂ ಆ ಸೀಮೆಗೆ ‘ಕಪ್ಪುನಾಡು’ ಎಂದು ಹೆಸರಾಗಿದೆ. ಗುಡ್ಡದ ಮೇಲೆ ಪುರಾತನ ಕೋಟೆ, ಅದರ ತಪ್ಪಲಲ್ಲಿ ಸಂತೆಯ ಬೀದಿ. ಸುತ್ತಣ ಕಾರ್ಖಾನೆಗಳ ದುಡಿಮೆಗಾರರೆಲ್ಲ ಅಲ್ಲಿಗೇ ಬಂದು ಸಾಮಾನು ಕೊಳ್ಳುತ್ತಿದ್ದರು. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ ರೌಂಡ್ ಓಕ್ ಎಂಬ ಉಕ್ಕಿನ ಕಾರ್ಖಾನೆಯಿತ್ತು. 1982ರ ಡಿಸೆಂಬರಿನಲ್ಲಿ ಆ ಕಾರ್ಖಾನೆ ಮುಚ್ಚಿತು. ಕೆಲಸ ಕಳೆದುಕೊಂಡ ಸೀಮೆಗೆ ಹೊಸ ಉದ್ಯಮಗಳು ಬರಲೆಂಬ ಸದುದ್ದೇಶದಿಂದ ಸರ್ಕಾರ ಅಲ್ಲಿನ ನೆಲವನ್ನು ವಿಶೇಷ ಉದ್ಯಮ ವಲಯವನ್ನಾಗಿ ಸಾರಿತ್ತು. ಆ ವಲಯದಲ್ಲಿ ಕಟ್ಟಡ ಕಟ್ಟಿದವರು ಹತ್ತು ವರ್ಷಗಳ ಕಾಲ ಸ್ಥಳೀಯ ಕಟ್ಟಡ ತೆರಿಗೆಯನ್ನು ತೆರಬೇಕಾಗಿರಲಿಲ್ಲ.

ಸರ್ಕಾರ ನಿರೀಕ್ಷಿಸಿದ್ದು ಕಾರ್ಖಾನೆಗಳನ್ನು, ಬಂದುದು ಅಂಗಡಿಗಳು. 1984ರಿಂದ 1989ರವರೆಗೆ ಹಂತಹಂತವಾಗಿ ‘ಮೆರ್ರಿ ಹಿಲ್’ ಎಂಬ ಬೃಹತ್ ವ್ಯಾಪಾರ ಸಂಕೀರ್ಣ ಅಲ್ಲಿ ತಲೆಯೆತ್ತಿತು. ಮಳೆ ತಟ್ಟದ ಮಾಡು, ಬೆಚ್ಚನೆಯ ಓಣಿಗಳು, ಕಾಸು ಕೊಡದೆ ಸಾವಿರಾರು ಕಾರುಗಳನ್ನು ನಿಲ್ಲಿಸುವ ಬಯಲು, ಇವು ಜನರನ್ನು ಸೆಳೆದುವು. ಡಡ್ಲಿಯ ಪೇಟೆಯಲ್ಲಿದ್ದ ಹೆಸರಾಂತ ದೊಡ್ಡ ಮಳಿಗೆಗಳು ಒಂದೊಂದಾಗಿ ಅಲ್ಲಿಂದ ಕಾಲು ತೆಗೆದುವು. ದೊಡ್ಡ ಮಳಿಗೆಗೆಂದು ಬಂದ ಗಿರಾಕಿಗಳು ಹೋಗುವ ದಾರಿಯಲ್ಲಿ ಚಿಕ್ಕ ಅಂಗಡಿಗಳಿಗೂ ಇಣುಕುತ್ತಿದ್ದರಷ್ಟೆ. ಆ ಕಾಲ್ತುಳಿತ ನಿಂತಿತು. ಆಮೇಲೆ ಚಿಕ್ಕ ಅಂಗಡಿಗಳ ಬಾಗಿಲುಗಳೂ ಮುಚ್ಚತೊಡಗಿದವು. ಶತಮಾನಗಳಿಂದ ಸಂತೆ ಕಟ್ಟಿದ ಊರು ಹತ್ತು ವರ್ಷ ತುಂಬುವುದರೊಳಗೆ ಕಳೆಗುಂದಿತು. ತೆರಿಗೆಯ ವಿನಾಯಿತಿ ಒಂದು ಕಡೆಯವರಿಗೆ ಮಾತ್ರ ದೊರೆತುದರಿಂದ ಇದು ಸರಿಸಮಾನರ ಸ್ಪರ್ಧೆಯೂ ಆಗಿರಲಿಲ್ಲ.

‘ಸ್ವಲ್ಪ ಗಿರಾಕಿಗಳು ಹೋದರೆ ಅಂಗಡಿಯೇ ಏಕೆ ಮುಚ್ಚಬೇಕು? ಲಾಭ ಸ್ವಲ್ಪ ಕಡಿಮೆಯಾದೀತು, ಅಷ್ಟೇ ಅಲ್ಲವೆ?’ ಎಂದು ನೀವು ಕೇಳಬಹುದು. ಒಂದು ಚಿಕ್ಕ ಲೆಕ್ಕವನ್ನು ಮಾಡಿನೋಡೋಣ. ಒಬ್ಬ ಅಂಗಡಿಕಾರನಿಗೆ ವಾರಕ್ಕೆ 1,000 ಪೌಂಡುಗಳ ವ್ಯಾಪಾರವಾಗುತ್ತದೆಯೆಂದು ಭಾವಿಸಿರಿ. ಅದರಲ್ಲಿ ಸಾಮಾನಿನ ಅಸಲು 700 ಪೌಂಡು. ಉಳಿಯುವುದು 300. ಬಾಡಿಗೆ, ತೆರಿಗೆ, ದೀಪ, ಆಳಿನ ಸಂಬಳ ಇವುಗಳಿಗೆ 240 ಹೋದರೆ ಅವನ ಸಂಸಾರಕ್ಕೆ ದಕ್ಕುವುದು 60 ಪೌಂಡು. ಈಗ ಐವರು ಗಿರಾಕಿಗಳಲ್ಲಿ ಒಬ್ಬ ಬೇರೆ ಕಡೆಗೆ ಹೋದನೆನ್ನಿ. ವ್ಯಾಪಾರ 800ಕ್ಕೆ ಇಳಿಯುತ್ತದೆ, ಸಾಮಾನಿನ ಅಸಲು 560, ಉಳಿಯುವುದು 240. ಆದರೆ ಗಿರಾಕಿ ಕಡಿಮೆಯಾದನೆಂದು ಬಾಡಿಗೆ ಇಳಿಯದು, ತೆರಿಗೆ ಇಳಿಯದು, ದೀಪದ ಖರ್ಚೂ ಇಳಿಯದು. ಅವುಗಳಿಗೇ 240 ಪೂರ್ತಿ ಸಲ್ಲುತ್ತದೆ. ಸಂಸಾರಕ್ಕೆ ಉಳಿಯುವುದು ಸೊನ್ನೆ! ವ್ಯಾಪಾರದಲ್ಲಿ ಐದನೆಯ ಒಂದು ಪಾಲು ಹೋದರೆ ಹೊಟ್ಟೆಪಾಡಿನಲ್ಲಿ ಐದಕ್ಕೆ ಐದು ಪಾಲೂ ಹೋಗುತ್ತದೆ. ಅಂಗಡಿ ತುಂಬ ಜನರಿರುವಾಗಲೇ ಅದು ನಷ್ಟದಲ್ಲಿರುವುದೂ ಉಂಟು. ನಾಲ್ವರು ಗಿರಾಕಿಗಳು ‘ನಾವಂತೂ ಬಿಟ್ಟುಹೋಗಲಿಲ್ಲವಲ್ಲ!’ ಎಂದುಕೊಳ್ಳುತ್ತಿರುವಂತೆಯೇ ಒಂದು ಬೆಳಗ್ಗೆ ಅಂಗಡಿಗೆ ಬೀಗ ಬಿದ್ದಿರುತ್ತದೆ.

ಈ ಲೆಕ್ಕದಲ್ಲಿ ಬಂದ ತೆರಿಗೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿನಲ್ಲಿ ಅಂಗಡಿಯ ಕಟ್ಟಡಕ್ಕೆ ಬರಬಹುದಾದ ಬಾಡಿಗೆಯನ್ನು ಅಂದಾಜುಮಾಡಿ ಅದರ ಮೇಲೆ ತೆರಿಗೆ ವಿಧಿಸುತ್ತಾರೆ. ವ್ಯಾಪಾರ ಎಷ್ಟಾಯಿತು, ಲಾಭ ಬಂದಿತೆ ಎಂದು ಕೇಳುವುದಿಲ್ಲ. ಊರ ನಡುವಿನ ನೆಲಕ್ಕೆ ಬೆಲೆ ಹೆಚ್ಚಾದುದರಿಂದ ಅಲ್ಲಿನ ಅಂಗಡಿಗೆ ತೆರಿಗೆಯೂ ಹೆಚ್ಚು. 2015ರಲ್ಲಿ ನಡೆಯಬೇಕಾಗಿದ್ದ ಅಂದಾಜಿನ ಪರಿಷ್ಕರಣವನ್ನು ಸರ್ಕಾರ 2017ಕ್ಕೆ ಮುಂದೂಡಿತು. ಇದರಿಂದ, ಪೇಟೆ ಬಾಡಿಹೋಗಿ ಬಾಡಿಗೆಗಳು ಕುಸಿದಿದ್ದ ಊರುಗಳ ವ್ಯಾಪಾರಿಗಳು ಹಿಂದಿನ ಒಳ್ಳೆಯ ಕಾಲದ ಅಂದಾಜಿನಂತೆಯೇ ಇನ್ನೂ ಎರಡು ವರ್ಷ ತೆರಬೇಕಾಯಿತು. ಈಚೆಗೆ ಅತಿ ಚಿಕ್ಕ ಅಂಗಡಿಗಳಿಗೆ ರಿಯಾಯಿತಿಗಳು ದೊರೆತಿರುವುದು ನಿಜ. ಆದರೂ ಈ ತೆರಿಗೆಯನ್ನು ಕುರಿತ ದೂರು ಇಂದಿಗೂ ನಿಂತಿಲ್ಲ.

ಮೂರನೆಯ ಪೆಟ್ಟು ಕಣ್ಣಿಗೆ ಕಾಣದಂತೆ ಬಂದಿತು. ಅಂತರಜಾಲದ ಮೂಲಕ ಮನೆಯಲ್ಲಿಯೇ ಕುಳಿತು ಸಾಮಾನು ತರಿಸಿಕೊಳ್ಳುವುದು ಸಾಧ್ಯವಾಯಿತು. 2007ರ ಸುಮಾರಿಗೆ ಬ್ರಿಟನ್ನಿನ ಚಿಲ್ಲರೆ ವ್ಯಾಪಾರದಲ್ಲಿ ಇದರ ಪಾಲು ನೂರಕ್ಕೆ ಮೂರೋ ನಾಲ್ಕೋ ಇದ್ದುದು, 2019ರ ಹೊತ್ತಿಗೆ ಐದನೆಯ ಒಂದು ಭಾಗದ ಹತ್ತಿರಕ್ಕೆ ಬೆಳೆಯಿತು. ಕೊರೋನಾ ಪಿಡುಗಿನಿಂದ ಅಂಗಡಿಗಳು ಮುಚ್ಚಿದ್ದ 2021ರ ಆರಂಭದಲ್ಲಿ ಮೂರನೆಯ ಒಂದು ಭಾಗವನ್ನೂ ದಾಟಿತು. ಈ ಹೊಡೆತವನ್ನು ತಾಳಲು ದೊಡ್ಡವರಿಂದಲೂ ಆಗಲಿಲ್ಲ. 1909ರಲ್ಲಿ ಲಿವರ್‌ಪೂಲಿನಲ್ಲಿ ಬ್ರಿಟನ್ನಿನ ಮೊದಲ ಮಳಿಗೆಯನ್ನು ತೆರೆದಿದ್ದ ವೂಲ್‌ವರ್ತ್ಸ್ ಸಂಸ್ಥೆ ಸಾಲದಲ್ಲಿ ಮುಳುಗಿ, 2009ರ ಜನವರಿ ಮೊದಲ ವಾರದ ಹೊತ್ತಿಗೆ ತನ್ನ 807 ಮಳಿಗೆಗಳನ್ನೂ ಮುಚ್ಚಿತು. ಸುಮಾರು 27,000 ಜನ ಕೆಲಸ ಕಳೆದುಕೊಂಡರು. ವಿಧಿಯ ಅಣಕವೆಂಬಂತೆ, ಮೆರ್ರಿ ಹಿಲ್ ಸಂಕೀರ್ಣದ ಒಡೆತನ ಹೊಂದಿದ್ದ ಇಂಟು ಎಂಬ ಕಂಪನಿಯೂ 2020ರ ಜೂನಿನಲ್ಲಿ ಸಾಲದ ಭಾರಕ್ಕೆ ಕುಸಿಯಿತು.

ಕಾಲ ಬದಲಾದಂತೆ ವ್ಯಾಪಾರವೂ ಬದಲಾಗಬೇಕಲ್ಲವೆ? ರೈಲು ಬಂದಮೇಲೆ ಕುದುರೆ ಬಂಡಿಗಾಗಿ ಅಳುವುದುಂಟೆ? ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಮಹಾಮಳಿಗೆಗಳಿಂದ ಬಡವರಿಗೂ ಅಗ್ಗದ ಬೆಲೆಗೆ ಒಳ್ಳೆಯ ಸಾಮಾನು ದೊರೆತಿದೆ. ಮೆರ್ರಿ ಹಿಲ್ ಸಾವಿರಾರು ಜನರಿಗೆ ಕೆಲಸವನ್ನು ಕೊಟ್ಟಿದೆ. ಚಿಕ್ಕ ಅಂಗಡಿಗಳವರೆಲ್ಲ ಸತ್ಯಹರಿಶ್ಚಂದ್ರರೆಂದೂ ಹೇಳುವಂತಿಲ್ಲ. ಆದರೆ ಪೇಟೆಬೀದಿ ಸರಕಿನ ಉಗ್ರಾಣ ಮಾತ್ರವಲ್ಲ. ಕಾರು ಇಲ್ಲದ ಮುದುಕಿ, ಕಣ್ಣು ಮಂಜಾದ ಮುದುಕ, ಓಡಾಡಲಾರದ ಬಡವ, ಇವರಿಗೆ ಹತ್ತು ಹೆಜ್ಜೆಯ ಅಂಗಡಿಯೇ ಆಸರೆ. ದಿನವೆಲ್ಲ ಒಂಟಿಯಾಗಿರುವ ಎಷ್ಟೋ ಜನರಿಗೆ ‘ಹೇಗಿದ್ದೀರಿ?’ ಎಂದು ಕೇಳುವ ಏಕೈಕ ದನಿ ಅಂಗಡಿಯವನದು. ಅಗ್ಗದ ಬೆಲೆಯ ಲೆಕ್ಕದಲ್ಲಿ ಇವರ ನಷ್ಟ ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಈ ಅರಿವು ಕ್ರಮೇಣ ಕಾನೂನಿನಲ್ಲಿಯೂ ಮೂಡಿತು. 1994ರ ಕಾಯಿದೆಯಂತೆ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ 280 ಚದರ ಮೀಟರಿಗಿಂತ ದೊಡ್ಡದಾದ ಮಳಿಗೆಗಳು ಭಾನುವಾರ ಆರು ಗಂಟೆಗಳ ಕಾಲ ಮಾತ್ರ ತೆರೆದಿರಬಹುದು. ಚಿಕ್ಕ ಅಂಗಡಿಗಳಿಗೆ ಈ ಕಟ್ಟುಪಾಡಿಲ್ಲ. 1996ರಲ್ಲಿ ಸರ್ಕಾರ ಮತ್ತೊಂದು ನಿಯಮವನ್ನು ಬಿಗಿಗೊಳಿಸಿತು. ಹೊಸ ಮಳಿಗೆ ಕಟ್ಟುವವರು ಮೊದಲು ಊರ ನಡುವೆ ಸ್ಥಳವನ್ನು ಹುಡುಕಬೇಕು; ಅಲ್ಲಿ ಇಲ್ಲವಾದರೆ ಅಂಚಿನಲ್ಲಿ; ಅಲ್ಲಿಯೂ ಇಲ್ಲವಾದರೆ ಮಾತ್ರ ಹೊರಗೆ. ಡಡ್ಲಿಯಂಥ ಊರುಗಳಿಗೆ ಈ ನಿಯಮ ಬಂದುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲನ್ನು ಹಾಕಿದಂತಾಯಿತಾದರೂ ಬೇರೆ ಎಷ್ಟೋ ಊರುಗಳಿಗೆ ನೆರವಾಯಿತು.

ಆದರೆ ಕಾನೂನು ಕೆಟ್ಟದ್ದನ್ನು ತಡೆಯಬಲ್ಲುದೇ ಹೊರತು ಬೀದಿಗೆ ಜೀವವನ್ನು ತುಂಬಲಾರದು. ಜೀವ ತುಂಬಬೇಕಾದವರು ಮನುಷ್ಯರು. ಲೆಸ್ಟರ್ ನಗರದ ಬೆಲ್‌ಗ್ರೇವ್ ರಸ್ತೆ ಇದಕ್ಕೆ ಸಾಕ್ಷಿಯಾಗಿದೆ. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಅಲ್ಲಿದ್ದ ಭಾರತ ಮೂಲದ ಜನರನ್ನು ತೊಂಬತ್ತು ದಿನಗಳೊಳಗೆ ದೇಶ ಬಿಟ್ಟು ತೊಲಗಬೇಕೆಂದು ಆಜ್ಞಾಪಿಸಿದನು. ಅವರಲ್ಲಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನ ಬರಿಗೈಯಲ್ಲಿ ಬ್ರಿಟನ್ನಿಗೆ ಬಂದರು. ‘ನಮ್ಮ ನಗರದಲ್ಲಿ ಮನೆಗಳಿಲ್ಲ, ಶಾಲೆಗಳಲ್ಲಿ ಸ್ಥಳವಿಲ್ಲ, ಇಲ್ಲಿಗೆ ಬರಬೇಡಿರಿ’ ಎಂಬರ್ಥದ ಜಾಹೀರಾತನ್ನು ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲಿಯೇ ಹಾಕಿಸಿತು. ಆದರೂ ಅನೇಕರು ಅಲ್ಲಿಗೇ ಬಂದು ನೆಲೆಸಿದರು. ಅವರೂ ಅವರಿಗಿಂತ ಮೊದಲೇ ಬಂದಿದ್ದ ಭಾರತೀಯರೂ ಕಳೆಗುಂದಿದ್ದ ಬೆಲ್‌ಗ್ರೇವ್ ರಸ್ತೆಯ ಖಾಲಿ ಅಂಗಡಿಗಳನ್ನು ಹಿಡಿದು ಸೀರೆ, ಒಡವೆ, ಸಿಹಿತಿಂಡಿ, ಮಸಾಲೆಗಳ ವ್ಯಾಪಾರಕ್ಕೆ ತೊಡಗಿದರು. ಮನೆಮಂದಿಯೆಲ್ಲ ಹಗಲಿರುಳು ದುಡಿದರು. ಇಂದು ಆ ಬೀದಿಗೆ ‘ಬಂಗಾರದ ಮೈಲಿ’ ಎಂದು ಹೆಸರು. ದೀಪಾವಳಿಯಲ್ಲಿ ಅಲ್ಲಿ ಹಚ್ಚುವ ದೀಪಗಳನ್ನು ನೋಡಲು ಸಹಸ್ರಾರು ಜನ ನೆರೆಯುತ್ತಾರೆ. ಆ ಉತ್ಸವಕ್ಕೆ ಸ್ವತಃ ನಗರಸಭೆಯೇ ಕೈಜೋಡಿಸುತ್ತ ಬಂದಿದೆ. ಬೇಡವೆಂದು ಹೇಳಿದ ಊರಿಗೇ ಬೆಳಕು ತಂದವರು ಆ ಚಿಕ್ಕ ಅಂಗಡಿಯವರು.

ವೇಲ್ಸಿನ ಗಡಿಯಲ್ಲಿರುವ ಹೇ-ಆನ್-ವೈ ಎಂಬ ಪುಟ್ಟ ಊರಿನ ಕಥೆ ಇನ್ನೊಂದು ಬಗೆಯದು. ಅದರ ಜನಸಂಖ್ಯೆ ಎರಡು ಸಾವಿರದ ಸುಮಾರು. 1962ರ ಕೊನೆಯಲ್ಲಿ ಅದರ ರೈಲು ಸಂಚಾರವೂ ನಿಂತುಹೋಯಿತು. ಆ ದಶಕದ ಆರಂಭದಲ್ಲಿಯೇ ರಿಚರ್ಡ್ ಬೂತ್ ಎಂಬ ತರುಣನು ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಒಂದು ಹಳೆಯ ಪುಸ್ತಕಗಳ ಅಂಗಡಿಯನ್ನು ತೆರೆದಿದ್ದನು. ‘ಇಷ್ಟು ಚಿಕ್ಕ ಊರಿನಲ್ಲಿ ಪುಸ್ತಕ ಕೊಳ್ಳುವವರಾರು?’ ಎಂದು ಯಾರಾದರೂ ಕೇಳಬಹುದಾಗಿತ್ತು. ಊರಿನವರು ಸಾಲದಿದ್ದರೆ ಪ್ರಪಂಚವೇ ಊರಿಗೆ ಬರಲಿ ಎಂಬುದು ಬೂತನ ಹಂಚಿಕೆ. ಖಾಲಿಬಿದ್ದ ಕಟ್ಟಡಗಳಲ್ಲಿ ಒಂದಾದಮೇಲೊಂದು ಪುಸ್ತಕದಂಗಡಿಗಳೆದ್ದವು. ಅವನನ್ನು ನೋಡಿ ಇತರರೂ ಅಂಗಡಿಗಳನ್ನು ತೆರೆದರು. 1977ರ ಏಪ್ರಿಲ್ ಒಂದರಂದು ಅವನು ಆ ಊರನ್ನು ಸ್ವತಂತ್ರ ರಾಜ್ಯವೆಂದೂ ತನ್ನನ್ನು ಅದರ ರಾಜನೆಂದೂ ಘೋಷಿಸಿಕೊಂಡನು! ಅದು ಮೂರ್ಖರ ದಿನದ ವಿನೋದವೇನೋ ಹೌದು. ಆದರೆ ಆ ವಿನೋದದಿಂದ ಊರಿನ ಹೆಸರು ದೇಶದೇಶಗಳಲ್ಲಿ ಹರಡಿತು. 1988ರಲ್ಲಿ ಅಲ್ಲಿ ಆರಂಭವಾದ ಸಾಹಿತ್ಯೋತ್ಸವ ಇಂದು ಜಗತ್ಪ್ರಸಿದ್ಧವಾಗಿದೆ. ಬೂತ್ 2019ರಲ್ಲಿ ತೀರಿಕೊಂಡನು. ಅವನು ಹಚ್ಚಿದ ದೀಪ ಆರಿಲ್ಲ.

ಟಾಟ್ನೆಸ್ ಎಂಬ ಊರಿನವರು ಒಗ್ಗಟ್ಟಿನ ಬಲವನ್ನು ತೋರಿದರು. ಸುಮಾರು ಎಂಟು ಸಾವಿರ ಜನರಿರುವ ಆ ಊರಿನಲ್ಲಿ ಸ್ಥಳೀಯರೇ ನಡೆಸುವ ಕಾಫಿ ಅಂಗಡಿಗಳು ಹಲವಾರು. ದೇಶವ್ಯಾಪಿಯಾದ ದೊಡ್ಡ ಕಾಫಿ ಕಂಪನಿಯೊಂದು ಅಲ್ಲಿ ಮಳಿಗೆ ತೆರೆಯಲು 2012ರಲ್ಲಿ ಅನುಮತಿ ಪಡೆದಾಗ ಐದು ಸಾವಿರಕ್ಕೂ ಹೆಚ್ಚು ಜನ ಬೇಡವೆಂದು ರುಜು ಹಾಕಿದರು. ಕಾನೂನು ತನ್ನ ಕಡೆಗಿದ್ದರೂ ಕಂಪನಿ ಆ ವರ್ಷವೇ ಹಿಂದೆಗೆಯಿತು. ಒಗ್ಗಟ್ಟಿನ ಈ ಪಾಠ ಇಂಗ್ಲೆಂಡಿಗೆ ಹೊಸದಲ್ಲ. 1844ರಲ್ಲಿ ರಾಚ್‌ಡೇಲ್ ಎಂಬಲ್ಲಿ 28 ಮಂದಿ ಬಡ ನೇಕಾರರೂ ಕೈಕಸಬಿನವರೂ ಪುಡಿಗಾಸನ್ನು ಕೂಡಿಹಾಕಿ, ಹಿಟ್ಟು, ಬೆಣ್ಣೆ, ಸಕ್ಕರೆಗಳ ಒಂದು ಪುಟ್ಟ ಅಂಗಡಿಯನ್ನು ತಾವೇ ತೆರೆದರು. ಅಲ್ಲಿಂದ ಸಹಕಾರ ತತ್ತ್ವ ಲೋಕಕ್ಕೆಲ್ಲ ಹರಡಿತು. 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘವೂ ಅದೇ ತತ್ತ್ವದ ಫಲ. ಇಂದು ಬ್ರಿಟನ್ನಿನ ನೂರಾರು ಹಳ್ಳಿಗಳಲ್ಲಿ, ಮುಚ್ಚಿಹೋಗಲಿದ್ದ ಒಂದೇ ಒಂದು ಅಂಗಡಿಯನ್ನು ಊರವರೇ ಪಾಲು ಹಾಕಿ ಕೊಂಡು ನಡೆಸುತ್ತಿದ್ದಾರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆ ಅಲ್ಲಿಯೂ ಸಲ್ಲುತ್ತದೆ.

ಎಲ್ಲ ಊರುಗಳೂ ಹೇ ಆಗಲಾರವು. ಎಲ್ಲ ಬೀದಿಗಳೂ ಬಂಗಾರದ ಮೈಲಿಗಳಾಗಲಾರವು. ಮುಚ್ಚಿದ ಅಂಗಡಿಗಳಲ್ಲಿ ಅನೇಕವು ಮತ್ತೆ ತೆರೆಯಲಾರವು ಎಂಬುದೂ ಸತ್ಯ. ಆದರೆ ಈ ಕಥೆಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪೇಟೆಬೀದಿ ಸಾಯುವುದು ಯಾವನೋ ಒಬ್ಬ ವೈರಿಯ ಕೈಯಿಂದಲ್ಲ. ತೆರಿಗೆಯ ಕಾಗದ ಬರೆದ ಅಧಿಕಾರಿ, ಮಹಾಮಳಿಗೆ ಕಟ್ಟಿದ ಧನಿಕ, ನಾಲ್ಕು ಕಾಸಿನ ಉಳಿತಾಯಕ್ಕಾಗಿ ದಾರಿ ಬದಲಿಸಿದ ಗಿರಾಕಿ, ಕಾಲವನ್ನು ಅರಿಯದ ಅಂಗಡಿಕಾರ, ಇವರೆಲ್ಲರ ಪಾಲೂ ಅದರಲ್ಲಿದೆ. ಆದಕಾರಣ ಅದನ್ನು ಉಳಿಸುವ ಹೊಣೆಯೂ ಎಲ್ಲರದು. ನಾವು ಒಂದು ಸಾಮಾನನ್ನು ಕೊಳ್ಳುವಾಗ ಅದರ ಬೆಲೆಯನ್ನು ಮಾತ್ರ ತೆರುವುದಿಲ್ಲ. ಯಾವ ಬೀದಿಯಲ್ಲಿ ನಾಳೆ ದೀಪ ಉರಿಯಬೇಕೆಂಬುದನ್ನೂ ನಿರ್ಧರಿಸುತ್ತೇವೆ.

ಪದಗಳ ಅರ್ಥ

ಯೋಗಕ್ಷೇಮ – ಹಿತ, ಸುಖಸ್ಥಿತಿ
ಸನ್ನದು – ಅರಸನು ಕೊಟ್ಟ ಹಕ್ಕುಪತ್ರ
ಮಾಳ – ಬಯಲು
ಅಸಲು – ಕೊಂಡ ಬೆಲೆ
ದಿಡ್ಡಿ – ಕೋಟೆಯ ಚಿಕ್ಕ ಬಾಗಿಲು
ಹಂಚಿಕೆ – ಉಪಾಯ
ಹಿಂದೆಗೆ – ಹಿಂದಕ್ಕೆ ಸರಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಇಂಗ್ಲೆಂಡಿನ ಊರುಗಳ ಮುಖ್ಯ ಬೀದಿಗೆ ಸಾಮಾನ್ಯವಾಗಿ ಯಾವ ಹೆಸರಿದೆ?
2. 1964ರ ಕಾಯಿದೆ ಯಾವ ಪದ್ಧತಿಯನ್ನು ತೆಗೆದುಹಾಕಿತು?
3. ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಏನೆಂದು ಜಾಹೀರಾತು ಹಾಕಿಸಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಡಡ್ಲಿಯ ಪೇಟೆ ಕಳೆಗುಂದಲು ಕಾರಣಗಳೇನು?
2. ಐದನೆಯ ಒಂದು ಪಾಲು ವ್ಯಾಪಾರ ಹೋದರೆ ಅಂಗಡಿಕಾರನ ಸಂಪಾದನೆಯೆಲ್ಲವೂ ಹೋಗುವುದು ಹೇಗೆ? ಲೆಕ್ಕದೊಡನೆ ತೋರಿಸಿರಿ.
3. ಹೇ-ಆನ್-ವೈ ಊರಿಗೆ ರಿಚರ್ಡ್ ಬೂತನಿಂದಾದ ಉಪಕಾರವೇನು?

ಇ) ಸಂದರ್ಭ ಸೂಚಿಸಿ ವಿವರಿಸಿರಿ:
1. “ಆನೆಯೊಡನೆ ಆಡು ಓಡಬೇಕಾಗಿ ಬಂದಿತು.”
2. “ಸರ್ಕಾರ ನಿರೀಕ್ಷಿಸಿದ್ದು ಕಾರ್ಖಾನೆಗಳನ್ನು, ಬಂದುದು ಅಂಗಡಿಗಳು.”

ಈ) ಭಾಷಾಭ್ಯಾಸ:
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಬೆಲೆಯಿಳಿಸು, ಸಾಹಿತ್ಯೋತ್ಸವ, ಮೂಲೆಯಂಗಡಿ.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಪೇಟೆಬೀದಿ, ಮಹಾಮಳಿಗೆ, ಕಷ್ಟಸುಖ.

ಉ) ನಿಮ್ಮ ಊರಿನ ಹಳೆಯ ಅಂಗಡಿಕಾರರೊಬ್ಬರನ್ನು ಕಂಡು ಮಾತನಾಡಿ, ಅವರ ಅನುಭವಗಳನ್ನು ಒಂದು ಪುಟದಲ್ಲಿ ಬರೆಯಿರಿ.